ವಾರಿಜ ಬಸ್ಸು ನಿಲ್ಲಿಸಿದ ವರ್ಷ

ಆ ಸಂಜೆ ನಾನು ಎದ್ದು ನಿಂತು ಒಂದು ನಿಜ ಹೇಳಬೇಕಿತ್ತು. ಎದ್ದು ನಿಂತೆ, ಆದರೆ ಹೇಳಿದ್ದು ಸುಳ್ಳು. ಶಾಲೆಯ ಸಭಾಂಗಣದ ತುಂಬ ಮಕ್ಕಳ ತಂದೆತಾಯಂದಿರಿದ್ದರು. ಎದುರಿಗೆ ವೇದಿಕೆಯ ಮೇಲೆ ನನ್ನ ತಂಗಿ ವಾರಿಜ ಕುಳಿತಿದ್ದಳು. ಆ ಒಂದು ಸುಳ್ಳಿನಿಂದ ನನ್ನ ಕೆಲಸ ಉಳಿಯಿತು, ಅವಳ ಹುದ್ದೆ ಹೋಯಿತು.

ಮರೆತಿದ್ದೆ ಎಂದು ಹೇಳಲಾರೆ. ಆ ನೆನಪನ್ನು ಬದಿಗೆ ಸರಿಸಿ ದಿನ ಕಳೆಯುವುದನ್ನು ಕಲಿತಿದ್ದೆ, ಅಷ್ಟೆ. ಈ ವರ್ಷ ಆಗಸ್ಟ್ ಕೊನೆಗೆ ಕುವೈತಿನ ಸಬ್ಹಾನ್ ಎಂಬಲ್ಲಿರುವ ನಮ್ಮ ಗ್ಯಾರೇಜಿನಲ್ಲಿ, ಬೇಸಗೆಯಿಡೀ ಮುಚ್ಚಿ ನಿಲ್ಲಿಸಿದ್ದ ಒಂದು ಬಸ್ಸಿನ ಬಾಗಿಲು ತೆಗೆದೆ. ಒಳಗಿನ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಕಾದ ರೆಕ್ಸಿನ್, ಒಣಗಿದ ಬೆವರು, ಸೀಟಿನ ಸಂದಿಯಲ್ಲಿ ಕೂತ ಮರಳಿನ ಧೂಳು, ಎಲ್ಲ ಸೇರಿದ ಒಂದು ವಾಸನೆ. ಕೈಯಲ್ಲಿದ್ದ ಸ್ಪ್ಯಾನರ್ ಮೆಟ್ಟಿಲ ಮೇಲೆ ಇಟ್ಟು ಹೊರಗೆ ನೆರಳಿಗೆ ಬಂದು ಕುಳಿತೆ. ಜೊತೆಗಿದ್ದವರು ಬಿಸಿಲು ಹೊಡೆಯಿತೆಂದು ತಿಳಿದು ನೀರು ತಂದುಕೊಟ್ಟರು.

ನಾವು ಕಾರ್ಕಳದ ಕಡೆಯವರು. ಮನೆಯಲ್ಲಿ ತುಳು. ನಾನು ಓದು ಬಿಟ್ಟದ್ದಕ್ಕೆ ಬಡತನ ಕಾರಣ ಎಂದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಒಂಬತ್ತನೇ ತರಗತಿಯಲ್ಲಿ ಎರಡು ಸಲ ಕೂತೆ. ಮೂರನೇ ಸಲ ಕೂರಲು ನಾಚಿಕೆಯಾಗಿ ಸರ್ವಿಸ್ ಬಸ್ಸುಗಳ ಗ್ಯಾರೇಜಿಗೆ ಸೇರಿಕೊಂಡೆ. ವಾರಿಜ ನನಗಿಂತ ಚಿಕ್ಕವಳು. ನನ್ನ ಗಣಿತದ ಮನೆಗೆಲಸವನ್ನು ಅವಳೇ ಮಾಡಿಕೊಡುತ್ತಿದ್ದಳು, ನನ್ನ ಅಕ್ಷರದ ಹಾಗೆ ಸೊಟ್ಟಗೆ ಬರೆದು. ಮುಂದೆ ನಾನು ಮೆಕ್ಯಾನಿಕ್ ಆಗಿ ಕುವೈತಿಗೆ ಬಂದೆ. ಅವಳು ಮದುವೆಯಾಗಿ ಗಂಡನ ಜೊತೆ ಬಂದು ಟೀಚರ್ ಆದಳು, ಆಮೇಲೆ ಪ್ರಿನ್ಸಿಪಾಲ್ ಆದಳು. ಕೊನೆಗೆ ಒಂದೇ ಆಡಳಿತದ ನಾಲ್ಕು ಭಾರತೀಯ ಶಾಲೆಗಳಿಗೆ ಸೂಪರಿಂಟೆಂಡೆಂಟ್ ಆದಳು. ಒಂದು ಅಬ್ಬಾಸಿಯಾದಲ್ಲಿ, ಒಂದು ಸಾಲ್ಮಿಯಾದಲ್ಲಿ, ಒಂದು ಮಂಗಫಿನಲ್ಲಿ, ಒಂದು ರಿಗ್ಗೈಯಲ್ಲಿ.

ಆ ಹುದ್ದೆ ಎಂಥದ್ದೆಂದು ನನಗೆ ಮೊದಲು ಅರ್ಥವಾಗಿರಲಿಲ್ಲ. ಪ್ರಿನ್ಸಿಪಾಲ್ ಎಂದರೆ ಗೊತ್ತು, ಬೆತ್ತ ಇಟ್ಟುಕೊಂಡವರು. ಅವರ ಮೇಲೆ ಇನ್ನೊಬ್ಬರು ಯಾಕೆ ಎಂದು ಒಮ್ಮೆ ಕೇಳಿದ್ದೆ. ಒಂದೊಂದು ಶಾಲೆಯನ್ನು ನೋಡಿಕೊಳ್ಳಲು ಒಬ್ಬೊಬ್ಬರಿದ್ದಾರೆ, ಎರಡು ಶಾಲೆಗಳ ನಡುವೆ ಬಿದ್ದುಹೋಗುವುದನ್ನು ಹಿಡಿಯಲು ಯಾರೂ ಇಲ್ಲ, ಅದು ತನ್ನ ಕೆಲಸ ಎಂದಿದ್ದಳು. ಒಂದು ಶಾಲೆಯಲ್ಲಿ ಗಣಿತಕ್ಕೆ ಒಳ್ಳೆಯ ಟೀಚರ್ ಇಬ್ಬರಿದ್ದು ಇನ್ನೊಂದರಲ್ಲಿ ಒಬ್ಬರೂ ಇಲ್ಲದಿರುವುದು, ಒಂದರ ಲ್ಯಾಬು ಮಧ್ಯಾಹ್ನವಿಡೀ ಖಾಲಿ ಇದ್ದು ಇನ್ನೊಂದರ ಮಕ್ಕಳು ಪುಸ್ತಕದ ಚಿತ್ರ ನೋಡಿಯೇ ಪ್ರಯೋಗ ಕಲಿಯುವುದು, ಇಂಥವು. ಕೇಳಿದಾಗ ದೊಡ್ಡ ಕೆಲಸ ಅನ್ನಿಸಲಿಲ್ಲ. ಅದು ಎಷ್ಟು ದೊಡ್ಡದೆಂದು ಆ ವರ್ಷದ ಸೆಪ್ಟೆಂಬರಿನಿಂದ ಮೊದಲ ಮಳೆಯವರೆಗಿನ ತಿಂಗಳುಗಳಲ್ಲಿ ಕಂಡೆ.

ಆ ನಾಲ್ಕು ಶಾಲೆಗಳಿಗೆ ಬಸ್ಸು ಒದಗಿಸುತ್ತಿದ್ದ ಗುತ್ತಿಗೆ ಕಂಪೆನಿಯಲ್ಲಿ ನಾನು ಫೋರ್‌ಮನ್ ಆಗಿದ್ದೆ. ಅವಳು ಆ ಕುರ್ಚಿಗೆ ಬರುವ ಮೊದಲೇ ನಾನು ಅಲ್ಲಿದ್ದವನು. ಆದರೂ ನಾವು ಅಣ್ಣ ತಂಗಿ ಎಂದು ಶಾಲೆಯಲ್ಲಾಗಲಿ ಗ್ಯಾರೇಜಿನಲ್ಲಾಗಲಿ ಹೇಳಿಕೊಂಡಿರಲಿಲ್ಲ. ಅಣ್ಣನಿಗಾಗಿ ಗುತ್ತಿಗೆ ಕೊಟ್ಟಳು ಎನ್ನುವ ಮಾತು ಬರುವುದು ಬೇಡ ಎಂದು ಇಬ್ಬರಿಗೂ ಇತ್ತು. ಕೆಲಸದ ಜಾಗದಲ್ಲಿ ಅವಳು ನನಗೆ ಮೇಡಂ, ನಾನು ಅವಳಿಗೆ ದಿವಾಕರ್. ಶುಕ್ರವಾರ ಮಧ್ಯಾಹ್ನ ಅವರ ರಿಗ್ಗೈಯ ಮನೆಗೆ ಊಟಕ್ಕೆ ಹೋದಾಗ ಮಾತ್ರ ಅಣ್ಣ.

ಶಾಲೆಯ ಬಸ್ಸುಗಳು ಬೇಸಗೆ ರಜೆಯಲ್ಲಿ ಸುಮ್ಮನೆ ನಿಲ್ಲುವುದಿಲ್ಲ. ಮೀನಾ ಅಬ್ದುಲ್ಲಾದ ರಿಫೈನರಿಗೆ ಕೂಲಿಯವರನ್ನು ಸಾಗಿಸಲು ಬಾಡಿಗೆಗೆ ಹೋಗುತ್ತವೆ. ಪ್ರತಿ ವರ್ಷ ಹೋಗುತ್ತಿದ್ದವು, ರಜೆ ಮುಗಿಯುವ ಮೊದಲು ವಾಪಸು ಬಂದು ನಮ್ಮ ಕೈಯಲ್ಲಿ ರಿಪೇರಿಯಾಗಿ ಶಾಲೆಗೆ ಹೋಗುತ್ತಿದ್ದವು. ಆ ವರ್ಷ ರಿಫೈನರಿಯವರು ಕೊನೆಯ ದಿನದವರೆಗೂ ಬಿಡಲಿಲ್ಲ. ಬಂದವುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಎ.ಸಿ. ಕಂಪ್ರೆಸರ್ ಯಾವಾಗ ನಿಲ್ಲುತ್ತದೋ ಹೇಳುವಂತಿರಲಿಲ್ಲ. ಗಾಜುಗಳು ತೆಗೆಯಲು ಬರದ ಹಾಗೆ ಕೂರಿಸಿದಂಥವು. ಸೆಪ್ಟೆಂಬರಿನ ಮಧ್ಯಾಹ್ನ ಐದನೇ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಅಂಥ ಬಸ್ಸು ನಿಂತರೆ ಒಳಗಿರುವ ಎಲ್‌ಕೆಜಿ ಮಕ್ಕಳ ಗತಿ ಏನು? ಹೊಸ ಸಾಮಾನು ಬೇಕೆಂದು ನಮ್ಮ ಮುದೀರನಿಗೆ, ಅಂದರೆ ಮ್ಯಾನೇಜರನಿಗೆ, ಹೇಳಿದೆ. ಮೊದಲು ಓಡಿಸು, ಆಮೇಲೆ ನೋಡೋಣ, ಯಲ್ಲಾ, ನಡಿ ಎಂದು ಫೋನು ಕಿವಿಗೆ ಇಟ್ಟುಕೊಂಡ.

ಶಾಲೆ ತೆರೆಯುವ ಮೊದಲಿನ ಶುಕ್ರವಾರ ಊಟಕ್ಕೆ ಕುಳಿತಾಗ ವಾರಿಜಳಿಗೆ ಹೇಳಿಬಿಟ್ಟೆ. ಆಗ ಮನೆಯಲ್ಲಿ ನಾವಿಬ್ಬರೇ. ಭಾವ ಮಗಳನ್ನು ಕರೆದುಕೊಂಡು ಹೊರಗೆ ಹೋಗಿದ್ದರು. ಅವಳು ಬಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ನೀನು ಹೆದರಿ ಹೇಳುದಾ, ನೋಡಿ ಹೇಳುದಾ ಅಣ್ಣ?"

"ನೋಡಿ ಹೇಳುದು. ಕೈ ಹಾಕಿ ನೋಡಿದ್ದೇನೆ. ಆದ್ರೆ ನನ್ನ ಹೆಸರು ಬರ್ಬಾರ್ದು. ಬಂದ್ರೆ ನನ್ನ ಇಕಾಮಾ ಖಲಾಸ್, ಊರಿಗೆ ಕಳಿಸ್ತಾರೆ."

"ಬರುದಿಲ್ಲ," ಎಂದಳು. ಅಷ್ಟೇ. ಆ ಒಂದು ಮಾತನ್ನು ಅವಳು ಎಲ್ಲಿಯವರೆಗೆ ಎಳೆದುಕೊಂಡು ಹೋದಳೆಂದು ಮುಂದೆ ಹೇಳುತ್ತೇನೆ.

ಮರುದಿನ ನಾಲ್ಕೂ ಪ್ರಿನ್ಸಿಪಾಲರನ್ನು ರಿಗ್ಗೈ ಶಾಲೆಗೆ ಕರೆಸಿದಳು. ಬಸ್ಸಿನ ದಾರಿಗಳನ್ನು ಬದಲಿಸಬೇಕಾಗಿದ್ದರಿಂದ ನನಗೂ ಕರೆ ಬಂತು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡಿದೆ. ಬಸ್ಸುಗಳನ್ನು ತಾನು ನಂಬುವುದಿಲ್ಲ, ಕಂಪೆನಿ ಹೊರಗಿನವರಿಂದ ತಪಾಸಣೆ ಮಾಡಿಸಿ ತೋರಿಸುವವರೆಗೆ ಅರ್ಧದಷ್ಟನ್ನು ಮಾತ್ರ ಓಡಿಸುವುದು ಎಂದಳು. ಯಾವ ಅರ್ಧ ಎಂದು ನಾನು ಶುಕ್ರವಾರವೇ ಹೇಳಿಕೊಟ್ಟಿದ್ದೆ. ಹಾಗಾದರೆ ಮಕ್ಕಳು ಬರುವುದು ಹೇಗೆ, ಶಾಲೆ ತೆರೆಯುವುದನ್ನೇ ಮುಂದೂಡಿ ಎಂದರು ಒಬ್ಬರು. ಮುಂದೂಡಿದರೆ ಹತ್ತನೇ ತರಗತಿಯವರ ಪಾಠ ಯಾರು ಮುಗಿಸುತ್ತಾರೆ ಎಂದರು ಇನ್ನೊಬ್ಬರು.

ವಾರಿಜ ಕುವೈತಿನ ದೊಡ್ಡ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿದಳು. ಅಬ್ಬಾಸಿಯಾದಲ್ಲಿರುವ ಮಗು ಸಾಲ್ಮಿಯಾದ ಶಾಲೆಗೆ ಹೋಗುತ್ತದೆ, ಸಾಲ್ಮಿಯಾದ ಮಗು ಮಂಗಫಿಗೆ. ದೊಡ್ಡ ಹೆಸರಿನ ಶಾಲೆ ಎಂದೋ, ಅಣ್ಣ ಅಲ್ಲೇ ಓದಿದ ಎಂದೋ. ಬೆಳಿಗ್ಗೆ ನಮ್ಮ ಬಸ್ಸುಗಳು ಒಂದರ ಎದುರು ಒಂದು ಹಾದುಹೋಗುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಅದರಲ್ಲಿ ಏನೋ ತಪ್ಪಿದೆ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾಲ್ಕು ಶಾಲೆಗಳನ್ನೂ ಒಟ್ಟಿಗೆ ನೋಡುವವಳಿಗೆ ಹೊಳೆಯಿತು. ಬಸ್ಸು ಸರಿಯಾಗುವವರೆಗೆ ಪ್ರತಿ ಮಗುವೂ ತನ್ನ ಮನೆಗೆ ಹತ್ತಿರದ ಶಾಲೆಗೆ ಹೋಗಲಿ, ಯಾವ ಶಾಲೆಯ ಟೈ ಕಟ್ಟಿದ್ದರೂ ಸರಿ. ಓಡಾಡಬೇಕಾದವರು ಟೀಚರುಗಳು, ಮಕ್ಕಳಲ್ಲ. ಇದು ಅವಳ ಯೋಚನೆ.

ಸಾಲ್ಮಿಯಾದ ಪ್ರಿನ್ಸಿಪಾಲ್ ಲೀನಾ ಮೇಡಂ ಮಂಗಳೂರಿನವರು. ಉಳಿದವರ ಎದುರು ಇಂಗ್ಲಿಷಿನಲ್ಲಿ ವಾದಿಸುತ್ತಿದ್ದವರು ಸಿಟ್ಟು ಬಂದದ್ದೇ ಊರಿನ ಮಾತಿಗೆ ಇಳಿದರು.

"ನನ್ನ ಮಕ್ಕಳನ್ನೆಲ್ಲ ಅಬ್ಬಾಸಿಯಾಕ್ಕೆ ಕೊಟ್ಟು ನಾನಿಲ್ಲಿ ಬೆಂಚು ಒರೆಸ್ತಾ ಕೂತ್ಕೊಳ್ಳುದಾ ವಾರಿಜಾ?"

"ಮಂಗಫಿನವರ ಬಸ್ಸಲ್ಲಿ ಹೋಗ್ತಿದ್ದ ನಿಮ್ಮದೇ ಬೀದಿಯ ಮಕ್ಕಳು ನಿಮಗೆ ಬರ್ತಾರೆ. ಬೆಂಚು ಒರೆಸ್ಲಿಕ್ಕೆ ಪುರುಸೊತ್ತು ಸಿಗುದಿಲ್ಲ ಮೇಡಂ."

"ಮತ್ತೆ ಮಾರ್ಕು ಬಂದ್ರೆ ಯಾವ ಶಾಲೆಯ ಲೆಕ್ಕಕ್ಕೆ?"

"ಮಗುವಿನ ಲೆಕ್ಕಕ್ಕೆ."

ಲೀನಾ ಮೇಡಂ ಬ್ಯಾಗು ಎತ್ತಿಕೊಂಡು ಎದ್ದರು. ಒಪ್ಪಿದ್ದಾರೆ ಎಂದಲ್ಲ, ಹೊರಗೆ ಹೋಗುವಾಗ ಬಾಗಿಲು ಜೋರಾಗಿಯೇ ಹಾಕಿಕೊಂಡರು.

ಮೊದಲ ವಾರ ಎಂದರೆ ಜಾತ್ರೆ. ಹಸಿರು ಟೈಯ ಮಕ್ಕಳ ನಡುವೆ ಮೆರೂನ್ ಟೈ, ನೀಲಿ ಟೈಯ ನಡುವೆ ಹಳದಿ. ತಾಯಂದಿರು ಕಾರಿನಲ್ಲೇ ಕುಳಿತು ಫೋನಿನಲ್ಲಿ ಬೈಯುತ್ತಿದ್ದರು. ಎರಡು ಶಾಲೆಗಳನ್ನು ಮುಚ್ಚಲು ಮಾಡಿದ ಉಪಾಯ ಇದು, ಬಸ್ಸಿನ ಬಾಡಿಗೆ ಉಳಿಸಿ ಆಡಳಿತದವರಿಗೆ ಒಳ್ಳೆಯವಳಾಗಲು ಹೊರಟಿದ್ದಾಳೆ ಎಂಬ ಸುದ್ದಿ ಹಬ್ಬಿತು. ಸಾಲ್ಮಿಯಾ ಶಾಲೆಯ ಕೆಲವರಿಗೆ ತಮ್ಮ ಮಕ್ಕಳು ಹೆಸರಿಲ್ಲದ ಅಬ್ಬಾಸಿಯಾ ಶಾಲೆಯ ಮಕ್ಕಳ ಜೊತೆ ಕೂರುವುದೇ ಅವಮಾನ. ಬಾಯಿಬಿಟ್ಟು ಹಾಗೆ ಹೇಳುವುದಿಲ್ಲ, ಪಾಠದ ಮಟ್ಟ ಎನ್ನುತ್ತಾರೆ. ಗಲಾಟೆ ಹೆಚ್ಚಾಗಿ ಎರಡನೇ ಶುಕ್ರವಾರದ ಸಂಜೆ ಅಬ್ಬಾಸಿಯಾದ ಸಭಾಂಗಣದಲ್ಲಿ ಆಡಳಿತದವರು ಎಲ್ಲರನ್ನೂ ಸೇರಿಸಿದರು. ನಮ್ಮ ಮುದೀರ್ ನನ್ನನ್ನೂ ಕರೆದುಕೊಂಡು ಹೋದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾ ಎಂದಿದ್ದ. ಆಗಲೇ ನನಗೆ ಅರ್ಥವಾಗಬೇಕಿತ್ತು.

ವಾರಿಜ ತನ್ನ ತೀರ್ಮಾನವನ್ನು ವಿವರಿಸಿದಳು. ಬಸ್ಸಿನ ವಿಷಯ ಅವಳಿಗೆ ಯಾರು ಹೇಳಿದರು ಎಂದು ಒಬ್ಬರು ಕೇಳಿದರು. ನಂಬಿಕಸ್ಥರು ಎಂದಳು, ಹೆಸರು ಹೇಳಲಿಲ್ಲ. ಸಭೆ ಗುಜುಗುಜು ಅಂತು. ಆಗ ಮುದೀರ್ ಎದ್ದು, ನಮ್ಮ ಫೋರ್‌ಮನ್ ಇಲ್ಲೇ ಇದ್ದಾನೆ, ಇಪ್ಪತ್ತು ವರ್ಷದ ಅನುಭವ ಇರುವವನು, ಅವನನ್ನೇ ಕೇಳಿ ಎಂದ. ಮುಂದಿನ ಸಾಲಿನಲ್ಲಿದ್ದ ತಂದೆಯೊಬ್ಬರು ನನ್ನ ಕಡೆ ತಿರುಗಿ ಸಭ್ಯವಾಗಿಯೇ ಕೇಳಿದರು.

"ಭಾಯಿ, ಗಾಡಿ ಸಬ್ ಠೀಕ್ ಹೈ?"

ಎದ್ದು ನಿಂತೆ. ಮುದೀರ್ ನನ್ನ ಮುಖ ನೋಡುತ್ತಿರಲಿಲ್ಲ, ತನ್ನ ಉಂಗುರ ತಿರುಗಿಸುತ್ತಿದ್ದ. ಊರಿನಲ್ಲಿ ನನ್ನ ಮಗಳ ಮದುವೆ ಗೊತ್ತಾಗಿತ್ತು. ಈ ವಯಸ್ಸಿನಲ್ಲಿ ವೀಸಾಕ್ಕೆ ಹೊಣೆ ನಿಲ್ಲುವ ಬೇರೆ ಕಫೀಲ್ ಯಾರು ಸಿಗುತ್ತಾರೆ ಎಂಬ ಯೋಚನೆ ಬಂತು. ಕಾರಣ ಹುಡುಕಿದರೆ ಎಷ್ಟು ಬೇಕಾದರೂ ಸಿಗುತ್ತವೆ.

"ಸಬ್ ಠೀಕ್ ಹೈ ಸರ್," ಎಂದೆ.

ಜನ ಚಪ್ಪಾಳೆ ತಟ್ಟಿದರು. ಜೀವನದಲ್ಲಿ ನನಗೆ ಸಿಕ್ಕಿದ ಒಂದೇ ಒಂದು ಚಪ್ಪಾಳೆ ಅದು. ವಾರಿಜ ನನ್ನ ಕಡೆ ನೋಡಿದಳೋ ಇಲ್ಲವೋ ಗೊತ್ತಿಲ್ಲ, ನನಗೆ ತಲೆ ಎತ್ತಲಾಗಲಿಲ್ಲ. ಚಪ್ಪಾಳೆ ನಿಂತ ಮೇಲೆ ಅವಳ ಸ್ವರ ಮಾತ್ರ ಕೇಳಿತು. ಏರಲೂ ಇಲ್ಲ, ಇಳಿಯಲೂ ಇಲ್ಲ. ಬಸ್ಸು ಮಕ್ಕಳಿಗೆ ಆಗುತ್ತದೋ ಇಲ್ಲವೋ ಎಂಬ ತೀರ್ಮಾನ ನನ್ನದು, ಅದು ತಪ್ಪಾಗಿದ್ದರೆ ಆ ತಪ್ಪೂ ನನ್ನದು, ಸೋಮವಾರದಿಂದ ಮಂಗಫಿನಲ್ಲಿ ಇನ್ನೊಂದು ನೀರಿನ ಕೂಲರ್ ಇಡುತ್ತೇವೆ ಎಂದಳು. ಕೂಲರಿನ ಮಾತು ಕೇಳಿ ಯಾರೋ ನಕ್ಕರು. ಅರ್ಧವಾರ್ಷಿಕ ಪರೀಕ್ಷೆಯವರೆಗೆ ಅವಳಿಗೆ ಸಮಯ ಕೊಟ್ಟರು. ಆಮೇಲೆ ನೋಡಿ ನಿರ್ಧರಿಸುವುದೆಂದಾಯಿತು.

ಅದರ ನಂತರದ ಶುಕ್ರವಾರ ಊಟಕ್ಕೆ ಹೋಗಲಿಲ್ಲ. ಅವಳೇ ಫೋನು ಮಾಡಿ ಜ್ವರವಾ ಎಂದು ವಿಚಾರಿಸಿದಳು. ಹೌದೆಂದೆ. ಮುಂದಿನ ವಾರ ಹೋದಾಗ ಕಡಲೆ ಮನೋಳಿ ಪಲ್ಯ ಇನ್ನಷ್ಟು ಹಾಕಿದಳು, ಆ ಸಂಜೆಯ ಬಗ್ಗೆ ಒಂದಕ್ಷರವೂ ಆಡಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೋ ಏನೋ.

ಓಡುವ ಬಸ್ಸು ಕಡಿಮೆಯಾಗಿದ್ದರಿಂದ ಟೀಚರುಗಳ ಬಸ್ಸನ್ನು ನಾನೇ ಓಡಿಸಬೇಕಾಗಿ ಬಂತು. ಅವಳ ಕೆಲಸವನ್ನು ಹತ್ತಿರದಿಂದ ನೋಡುವ ಯೋಗ ಹೀಗೆ ಬಂತು. ದಿನವೂ ಬೆಳಿಗ್ಗೆ ಅವಳು ಅದೇ ಬಸ್ಸು ಹತ್ತಿ, ಒಂದೊಂದು ದಿನ ಒಂದೊಂದು ಶಾಲೆಯಲ್ಲಿ ಇಳಿಯುತ್ತಿದ್ದಳು. ಕಚೇರಿಗೆ ಹೋಗದೆ ಗೇಟಿನಲ್ಲಿ ನಿಂತು ಮಕ್ಕಳು ಒಳಗೆ ಹೋಗುವುದನ್ನು ನೋಡುವಳು. ಬೇರೆ ಶಾಲೆಯಿಂದ ಬಂದವರನ್ನು ಆ ಶಾಲೆಯವರು ಎಂದು ಕರೆಯಬಾರದು, ಹೆಸರು ಹಿಡಿದೇ ಕರೆಯಬೇಕೆಂದು ಆಯಾಗಳಿಗೂ ಹೇಳಿದ್ದಳು. ಟೀಚರ್ ಒಬ್ಬರು ರಜೆಯಾದರೆ ತಾನೇ ಸೀಮೆಸುಣ್ಣ ಹಿಡಿದು ಕ್ಲಾಸಿಗೆ ಹೋಗುತ್ತಿದ್ದಳಂತೆ. ಹೆಸರಿದ್ದ ಶಾಲೆಯ ಗಣಿತದ ಟೀಚರನ್ನು ಹೆಸರಿಲ್ಲದ ಶಾಲೆಗೆ ಕಳಿಸಿದಳು. ಅವರು ಅತ್ತರು. ಎರಡು ವಾರ ಕಳೆದ ಮೇಲೆ ವಾಪಸು ಹೋಗುತ್ತೀರಾ ಎಂದು ಕೇಳಿದ್ದಕ್ಕೆ, ಈ ಪಾಠ ಮುಗಿಸಿ ಹೋಗುತ್ತೇನೆ ಎಂದರಂತೆ.

ಇದೆಲ್ಲ ನನಗೆ ಗೊತ್ತಾದದ್ದು ಬಸ್ಸಿನ ಮಾತಿನಿಂದ. ಅವಳು ಇಳಿದದ್ದೇ ತಡ, ಟೀಚರುಗಳು ಬಾಯಿ ಬಿಡುತ್ತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿಲ್ಲವಲ್ಲ. ಮೊದಮೊದಲು ಬರೀ ಚುಚ್ಚು. ಪುತ್ತೂರಿನ ಒಬ್ಬರು ಟೀಚರ್ ಇದ್ದರು, ತಮಾಷೆಯವರು.

"ಇವತ್ತು ನಾವು ಯಾವ ಶಾಲೆಯ ಟೀಚರು ಮಾರಾಯ್ರೆ? ಡ್ರೈವರಣ್ಣ, ನಿಮಗಾದ್ರೂ ಗೊತ್ತುಂಟಾ?"

ಅಕ್ಟೋಬರ್ ನಡುವಿಗೆ ಬರುವಾಗ ಮಾತಿನ ರುಚಿ ಬದಲಾಗಿತ್ತು. ತಮ್ಮ ಶಾಲೆಯಲ್ಲಿ ಮೂಲೆಯಲ್ಲಿ ಕೂರುತ್ತಿದ್ದ ಹುಡುಗಿ ಇಲ್ಲಿ ಪಟಪಟ ಉತ್ತರ ಹೇಳುತ್ತಾಳೆ ಎಂದು ಒಬ್ಬರು. ಮಕ್ಕಳು ಈಗ ತೂಕಡಿಸುವುದಿಲ್ಲ, ಬೆಳಿಗ್ಗೆ ಹೆಚ್ಚು ಹೊತ್ತು ಮಲಗಿ ಬರುತ್ತಾರಲ್ಲ ಎಂದು ಇನ್ನೊಬ್ಬರು. ಅದೇ ಪುತ್ತೂರಿನವರು ಒಂದು ದಿನ, ಈ ಹೆಂಗಸಿಗೆ ನಾಲ್ಕು ತಲೆ ಉಂಟು, ಒಂದೊಂದು ಶಾಲೆಗೆ ಒಂದೊಂದು ಎಂದರು. ಎಲ್ಲರೂ ನಕ್ಕರು. ನಾನು ಕನ್ನಡಿ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ. ಹೆಮ್ಮೆಯಾಗುತ್ತಿತ್ತು, ಅದರ ಹಿಂದೆಯೇ ನಾಚಿಕೆಯೂ ಬರುತ್ತಿತ್ತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಗ್ಯಾರೇಜಿಗೆ ಫೋನು ಬಂತು, ಮೀನಾ ಅಬ್ದುಲ್ಲಾ ರಸ್ತೆಯಲ್ಲಿ ಬಸ್ಸು ನಿಂತಿದೆ ಎಂದು. ವಾರಿಜ ಬೇಡವೆಂದ ಬಸ್ಸುಗಳನ್ನು ಮುದೀರ್ ತಪಾಸಣೆ ಮಾಡಿಸದೆ ಮತ್ತೆ ಕೂಲಿಯವರ ಓಡಾಟಕ್ಕೆ ಹಾಕಿದ್ದ. ಹೋಗಿ ನೋಡಿದರೆ ಹಿಂದಿನ ಗಾಜು ಒಡೆದಿತ್ತು. ಎ.ಸಿ. ಜೊತೆ ಬಾಗಿಲೂ ಕೈಕೊಟ್ಟು, ಒಳಗಿದ್ದವರೇ ಜಾಕಿಯ ಹಿಡಿಯಿಂದ ಒಡೆದುಕೊಂಡು ಹೊರಬಂದಿದ್ದರು. ಬಸ್ಸಿನ ನೆರಳಿನ ಸಣ್ಣ ಪಟ್ಟಿಯಲ್ಲಿ ಒಬ್ಬರಿಗೊಬ್ಬರು ಒರಗಿ ಕುಳಿತಿದ್ದರು. ಗಟ್ಟಿಮುಟ್ಟಾದ ಗಂಡಸರು, ಒಬ್ಬನಿಗೂ ಮಾತಾಡುವ ತ್ರಾಣವಿರಲಿಲ್ಲ. ಇಬ್ಬರನ್ನು ಆಂಬುಲೆನ್ಸ್ ಕೊಂಡೊಯ್ದಿತು. ಪುಣ್ಯಕ್ಕೆ ಬದುಕಿಕೊಂಡರು. ನಾನು ಬಸ್ಸಿನೊಳಗೆ ಹತ್ತಿದೆ. ಆ ವಾಸನೆ. ಸಾಲು ಸಾಲು ಸೀಟುಗಳ ಮೇಲೆ ಎಲ್‌ಕೆಜಿಯ ಮಕ್ಕಳನ್ನು ನನ್ನ ಕಣ್ಣೇ ಕೂರಿಸಿ ತೋರಿಸಿತು. ಆ ಮಕ್ಕಳಿಗೆ ಜಾಕಿಯ ಹಿಡಿ ಎತ್ತಲು ಬರುತ್ತಿತ್ತೇ?

ಆ ಹೊತ್ತಿಗೆ ಆಡಳಿತದವರ ಹತ್ತಿರ ಹೋಗಿ, ನೋಡಿ, ಮೇಡಂ ಹೇಳಿದ್ದು ಇದನ್ನೇ ಎಂದಿದ್ದರೆ ಸಾಕಿತ್ತು. ಬಸ್ಸನ್ನು ಎಳೆದು ತಂದು, ಗಾಜು ಹಾಕಿಸಿ, ಸುಮ್ಮನಾದೆ. ಶಾಲೆಯವರಿಗೆ ಯಾರಿಗೂ ಸುದ್ದಿ ಮುಟ್ಟಲಿಲ್ಲ. ವಾರಿಜಳಿಗೂ ಹೇಳಲಿಲ್ಲ. ಮೊದಲ ಸಲ ಹೆದರಿ ಸುಳ್ಳು ಹೇಳಿದೆ ಎನ್ನಬಹುದು. ಎರಡನೇ ಸಲ ಸುಮ್ಮನಿದ್ದದ್ದಕ್ಕೆ ಏನೆನ್ನಲಿ?

ನವೆಂಬರಿನಲ್ಲಿ ಮೊದಲ ಮಳೆ ಬಂತು. ಕುವೈತಿನ ಮಳೆ, ಒಂದು ಗಂಟೆ ಸುರಿದರೆ ಸೇತುವೆಗಳ ಅಡಿಯೆಲ್ಲ ಕೆರೆ. ದೂರದಿಂದ ಮಕ್ಕಳನ್ನು ತರುವ ಬೇರೆ ಶಾಲೆಗಳ ಬಸ್ಸುಗಳು ಸಂಜೆಯವರೆಗೆ ನೀರಿನಲ್ಲಿ ನಿಂತವು. ನಮ್ಮ ನಾಲ್ಕು ಶಾಲೆಗಳ ಮಕ್ಕಳು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದರು. ಪರೀಕ್ಷೆಯ ಫಲಿತಾಂಶವೂ ಕೆಡಲಿಲ್ಲ. ಹತ್ತಿರದ ಶಾಲೆಯೇ ಮುಂದುವರಿಯಲಿ ಎಂದು ತಂದೆತಾಯಂದಿರೇ ಕೇಳಿಕೊಂಡರು. ಅವರ ಪರವಾಗಿ ಆಡಳಿತದವರ ಎದುರು ಮಾತಾಡಿದವರು ಯಾರು ಎಂದರೆ ಲೀನಾ ಮೇಡಂ.

ಇಷ್ಟಾದ ಮೇಲೆ ವಾರಿಜ ಉಳಿಯುತ್ತಾಳೆಂದೇ ನಾನು ನಂಬಿದ್ದೆ. ಮಾರ್ಚಿನಲ್ಲಿ ಅವಳನ್ನು ಇಳಿಸಿ ರಿಗ್ಗೈಯ ಪ್ರಿನ್ಸಿಪಾಲ್ ಮಾಡಿದರು, ಸೂಪರಿಂಟೆಂಡೆಂಟ್ ಆಗಿ ಹೊರಗಿನವರೊಬ್ಬರು ಬಂದರು. ಯಾಕೆಂದು ಭಾವನಿಂದ ತಿಳಿಯಿತು. ಸೂಪರಿಂಟೆಂಡೆಂಟ್ ಆದ ಮೊದಲ ದಿನವೇ, ಬಸ್ ಕಂಪೆನಿಯ ಫೋರ್‌ಮನ್ ತನ್ನ ಅಣ್ಣ ಎಂದು ವಾರಿಜ ನನಗೂ ತಿಳಿಸದೆ ಆಡಳಿತದ ಹಿರಿಯರಿಗೆ ಹೇಳಿದ್ದಳಂತೆ. ಮುಚ್ಚಿಟ್ಟು ಕೆಲಸ ಮಾಡುವುದು ಅವಳಿಗೆ ಆಗದ ಮಾತು. ಹಾಗಾಗಿ ಆ ಸಂಜೆ ನಾನು ಎದ್ದು ನಿಂತಾಗ ವೇದಿಕೆಯ ಮೇಲಿದ್ದ ಹಿರಿಯರಿಗೆ ನಾನು ಯಾರೆಂದು ಗೊತ್ತಿತ್ತು. ಸ್ವಂತ ಅಣ್ಣನೇ ಬಸ್ಸು ಸರಿ ಇದೆ ಎನ್ನುತ್ತಾನೆ, ಈಕೆ ಆಧಾರವಿಲ್ಲದೆ ನಾಲ್ಕು ಶಾಲೆಗಳನ್ನು ಅಲ್ಲಾಡಿಸಿದಳು, ಕೆಲಸ ಫಲಿಸಿದ್ದು ಅದೃಷ್ಟ, ಅಂಥವರ ಕೈಗೆ ಇಷ್ಟು ದೊಡ್ಡ ಹೊಣೆ ಕೊಡಲಾಗದು. ಇದು ಅವರ ತೀರ್ಮಾನ. ನಂಬಿಕಸ್ಥರು ಯಾರು ಎಂದು ಅವಳನ್ನು ಒಳಗೆ ಕರೆದು ಮತ್ತೆ ಕೇಳಿದರಂತೆ. ಆಗಲೂ ಅವಳು ಹೆಸರು ಹೇಳಲಿಲ್ಲ.

ಭಾವನಿಗೂ ಹೇಳಿರಲಿಲ್ಲ. ಅವರು ಅದನ್ನು ಅವಳ ಹಠ ಎಂದೇ ತಿಳಿದಿದ್ದರು, ಈ ವರ್ಷದವರೆಗೂ.

ಅವಳು ರಿಗ್ಗೈ ಶಾಲೆಯನ್ನು ನಗುತ್ತಲೇ ನಡೆಸುತ್ತಿದ್ದಾಳೆ. ಆ ನಾಲ್ಕು ಶಾಲೆಗಳಲ್ಲಿ ಈಗಲೂ ಮಗು ಮನೆಗೆ ಹತ್ತಿರದ ಶಾಲೆಗೇ ಹೋಗುತ್ತದೆ. ಅದು ಮೊದಲಿನಿಂದಲೂ ಹಾಗೆಯೇ ಇತ್ತೆಂದು ಹೊಸಬರು ತಿಳಿದಿದ್ದಾರೆ. ನಾನು ಎರಡು ವರ್ಷ ಕಳೆದು ಆ ಕಂಪೆನಿ ಬಿಡಲು ರಿಲೀಸ್ ಸಿಕ್ಕಿದ ಮೇಲೆ ಬೇರೆ ಕಂಪೆನಿಗೆ ಬಂದೆ. ಹೆದರಲು ಕಾರಣವೇ ಉಳಿಯಲಿಲ್ಲ. ಆದರೂ ಬಾಯಿ ಬರಲಿಲ್ಲ.

ಮೊನ್ನೆ ಬಸ್ಸಿನ ಬಾಗಿಲು ತೆಗೆದ ವಾರವೇ, ಶುಕ್ರವಾರ, ರಿಗ್ಗೈಗೆ ಹೋದೆ. ಭಾವ ಇದ್ದರು, ಅವರ ಮಗಳು, ನನ್ನ ಸೊಸೆ ಧೃತಿ ಇದ್ದಳು. ಅವಳಿಗೆ ಕಾಲೇಜಿನಲ್ಲಿ ಏನೋ ಒಂದು ಗುಂಪಿನ ನಾಯಕತ್ವ ಸಿಕ್ಕಿತ್ತು. ಎಲ್ಲರೂ ಒಂದೇ ಮಾತು ಹೇಳುವಾಗ ತಾನೊಬ್ಬಳೇ ಬೇರೆ ಹೇಳುವುದು ಹೇಗೆ ಎಂದು ಅರ್ಧ ಇಂಗ್ಲಿಷಿನಲ್ಲಿ ತಾಯಿಯನ್ನು ಕೇಳುತ್ತಿದ್ದಳು. ಭಾವ ಮೀನಿನ ಮುಳ್ಳು ತೆಗೆಯುತ್ತಾ, ನಿನ್ನ ಅಮ್ಮನನ್ನು ಕೇಳ್ಬೇಡ ಮಗಾ, ಅವಳು ಹಾಗೆ ಹೇಳಿಯೇ ಕುರ್ಚಿ ಕಳ್ಕೊಂಡದ್ದು ಎಂದು ನಕ್ಕರು. ವಾರಿಜಳೂ ನಕ್ಕಳು. ಅವಳ ನಗು ನನಗೆ ತಡೆಯಲಾಗಲಿಲ್ಲ. ಎಂಜಲು ಕೈಯಲ್ಲೇ ಎದ್ದು ನಿಂತೆ.

"ಭಾವ, ಅವಳ ಕುರ್ಚಿ ಹೋದದ್ದು ನನ್ನಿಂದ," ಎಂದೆ. "ಬಸ್ಸು ಸರಿ ಇಲ್ಲ ಅಂತ ಅವಳಿಗೆ ಹೇಳಿದವ ನಾನು. ಎಲ್ಲ ಸರಿ ಉಂಟು ಅಂತ ಅಷ್ಟು ಜನರ ಎದುರು ಸುಳ್ಳು ಹೇಳಿದವನೂ ನಾನೇ. ಅದರಲ್ಲೇ ಒಂದು ಬಸ್ಸು ಮೀನಾ ಅಬ್ದುಲ್ಲಾ ರಸ್ತೆಯಲ್ಲಿ ಸೆಕೆಗೆ ಜನ ಗಾಜು ಒಡೆಯುವ ಹಾಗೆ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನೂ ಹೇಳ್ಲಿಲ್ಲ. ಧೃತೀ, ನಿನ್ನ ಅಮ್ಮ ಸುಮ್ಮನೆ ಹಠ ಮಾಡಿದ್ದಲ್ಲ ಮಗಾ, ಆ ಮಕ್ಕಳನ್ನು ಉಳಿಸಿದ್ದು."

ವಾರಿಜ, ಬಿಡು ಅಣ್ಣ, ಊಟ ಮಾಡು ಎಂದಳು. ನಾನು ಕೂರಲಿಲ್ಲ. ಅವಳ ಕಡೆ ತಿರುಗಿದೆ.

"ಇಲ್ಲ, ಕೇಳು. ನನ್ನ ಹೆಸರು ಬರಬಾರದು ಅಂತ ಹೇಳಿದೆ, ನೀನು ಬರ್ಲಿಕ್ಕೆ ಬಿಡ್ಲಿಲ್ಲ. ನಿನ್ನ ಹೆಸರು ಹಾಳಾಗುವಾಗ ನಾನು ನೋಡ್ತಾ ಕೂತೆ. ನನ್ನದು ತಪ್ಪಾಯ್ತು ವಾರಿಜಾ. ಕ್ಷಮಿಸು."